ನಾಲ್ಕನೇ ಕೈ ಸಫೇದಾ

ಮಿರಗದ ಮಳೆ ಬಿತ್ತೆಂದರೆ ಶೇಷಗಿರಿರಾಯರ ಡೇರೆ ಸಿನಿಮಾ ಬಾಗಿಲು ಹಾಕುತ್ತಿತ್ತು. ಬಾಗಿಲು ಅನ್ನುವುದು ಮಾತಿಗೆ. ಡೇರೆಗೆಲ್ಲಿಂದ ಬರಬೇಕು ಬಾಗಿಲು? ಎಂಟು ತಿಂಗಳು ಮಾನ್ವಿ, ದೇವದುರ್ಗ ಅಂತ ಬಂಡಿಯ ಮೇಲೆ ತಿರುಗಿದ ಕಂಬ, ಹಗ್ಗ, ಬೆಂಚು, ಮಷೀನು ಎಲ್ಲವೂ ಮಳೆಗಾಲದ ನಾಲ್ಕು ತಿಂಗಳು ರಾಯಚೂರು ಸ್ಟೇಷನ್ನಿನ ಹಿಂದಿದ್ದ ಒಂದು ಹತ್ತಿ ಗಿರಣಿಯ ಷೆಡ್ಡಿಗೆ ಬಂದು ಬೀಳುತ್ತಿದ್ದವು. ಆ ದಿನಗಳಲ್ಲಿ ಗಿರಣಿಗೆ ಹತ್ತಿ ಇಲ್ಲ, ಡೇರೆಗೆ ಜನ ಇಲ್ಲ. ಕೆಲಸ ಮಾತ್ರ ಇತ್ತು, ಅದೂ ತಾಯಣ್ಣನಿಗೆ.

ಆಟ ನಿಂತ ಮೇಲೆ ಆರಾಮ ಅಂತ ಜನ ತಿಳಿದಿದ್ದರು. ಹಾಗೆ ತಿಳಿದವರು ಒಂದು ಮಳೆಗಾಲ ಬಂದು ತಾಯಣ್ಣನ ಬೆನ್ನು ನೋಡಬೇಕಿತ್ತು. ಆಟ ನಡೆಯುವಾಗ ಅವನಿಗೆ ಕಂಬ ನೆಡುವುದು, ನೀರು ತರುವುದು ಇಷ್ಟೇ. ಆಟ ನಿಂತಾಗಲೇ ರಾಯರ ತಲೆಯಲ್ಲಿ ಹುಳ ಹೊಗುತ್ತಿತ್ತು. ಒಂದು ವರ್ಷ ಡೇರೆಯನ್ನು ಎರಡು ಗಜ ಅಗಲ ಮಾಡಬೇಕು. ಇನ್ನೊಂದು ವರ್ಷ ಹೆಂಗಸರ ಜನಾನಾದ ತಟ್ಟಿ ಎತ್ತರಿಸಬೇಕು, ಯಾಕೆಂದರೆ ಅಲ್ಲಿ ಟಿಕೀಟು ಹರಿಯುವ ಹಾಜಿರಾ ಬೀ ಅದು ಗಿಡ್ಡವಾಯಿತೆಂದು ಗೊಣಗಿದ್ದಾಳೆ. ತಾಯಣ್ಣ ಒಂಬತ್ತು ಮಳೆಗಾಲ ಹೊಲಿದ, ಕೊರೆದ, ಹೊತ್ತ. ಐವತ್ತು ತುಂಬುವ ಮೊದಲೇ ಮೈ ಹಣ್ಣಾಗಿತ್ತು. ಕೂತರೆ ಏಳಲಾರ, ಎದ್ದರೆ ಕೂರಲಾರ. ಆದರೆ ರಾಯರು ಕರೆದರೆ 'ಬಂದೆ ಧಣೇರ' ಅನ್ನುವುದು ಮಾತ್ರ ಬಾಯಿಗೆ ಅಂಟಿಕೊಂಡಿತ್ತು.

ಅದು ಯುದ್ಧದ ಕಾಲ, ನಲವತ್ನಾಲ್ಕನೇ ಇಸವಿ. ಉಡಲು ಬಟ್ಟೆ ಬೇಕೆಂದರೂ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗಿದ್ದ ವರ್ಷ. ಅಂಥದರಲ್ಲಿ ರಾಯರು ಯಾರ್ಯಾರ ಕೈಕಾಲು ಹಿಡಿದೋ ಹೈದರಾಬಾದಿನಿಂದ ದಪ್ಪನೆಯ ಬಟ್ಟೆ ತರಿಸಿ ಷೆಡ್ಡಿನಲ್ಲಿ ಇಳಿಸಿದರು.

"ಈ ಸಲ ಎಲ್ಲಾ ಒಮ್ಮೆಲೇ ಮಾಡಿಬಿಡೋಣೋ ತಾಯಣ್ಣ" ಅಂದರು. ದೇವಸ್ಥಾನದ ಸೇವೆಯ ಮನೆತನದಲ್ಲಿ ಹುಟ್ಟಿ ಸಿನಿಮಾಕ್ಕೆ ಬಿದ್ದ ಮನುಷ್ಯ. ತಾಯಿ ಸರಸ್ವತಿಬಾಯಿ ಇವತ್ತಿಗೂ ಮಗ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಲು ಬಿಡುತ್ತಿರಲಿಲ್ಲ. "ಮೂರನೇ ಕಂಬ ಹಾಕು. ಬೆಂಚಿನ ಸಾಲು ಆರು ಇದ್ದದ್ದು ಹತ್ತಾಗಲಿ. ಹಾಡು ಕೇಳಸೋ ಹೊಸ ಭೋಂಗಾ ಬರ್ತದ. ಮತ್ತ ಇದು, ಹೊಸಾ ಪರದಿ."

"ಹಳೇದು ಇನ್ನಾ ಗಟ್ಟಿ ಅದಲ್ರಿ ಧಣೇರ."

"ಹಳೇದರಾಗ ಬೆಳಕು ಅತ್ಲಾಗ ಹಾದು ಹೋಗ್ತದೋ. ಅರ್ಧಾ ಬೆಳಕು ಹಿಂದ, ಅರ್ಧಾ ಮುಂದ. ದುಡ್ಡು ಕೊಟ್ಟು ಬೆಂಚಿನ ಮ್ಯಾಲ ಕುಂತವರಿಗೆ ಮಬ್ಬು ಮಬ್ಬು ಕಾಣ್ತದ. ಇದಕ್ಕ ಸರೇಸಿನ ಅಂಟು ಕಲಸಿದ ಸಫೇದಾ, ಬಿಳೀ ಬಣ್ಣ, ನಾಲ್ಕು ಕೈ ಹೊಡಿ. ಒಂದು ಹನಿ ಬೆಳಕು ಹಿಂದ ಹೋಗಬಾರ್ದು."

ತಾಯಣ್ಣ ಹೊಸ ಬಟ್ಟೆಯ ಅಂಚು ಹಿಡಿದು ಬೆಳಕಿಗೆ ಎತ್ತಿ ನೋಡಿದ. ಬೆನ್ನುನೋವು ಕೂಡ ಒಂದು ಗಳಿಗೆ ಮರೆತುಹೋಯಿತು.

ಯಾಕೆಂದರೆ ಪರದೆಯ ಹಿಂದೆ ಜನ ಕೂರುತ್ತಿದ್ದರು. ಡೇರೆ ಯಾವ ಊರಿಗೆ ಹೋದರೂ ಅಲ್ಲಿಯ ಕೇರಿಯವರಿಗೆ, ಅಂದರೆ ತಾಯಣ್ಣನ ಮಂದಿಗೆ, ಮುಂದೆ ಜಾಗವಿಲ್ಲ. ಅವರು ಮುಂದೆ ಕೂತರೆ ಊರವರು ಎದ್ದು ಹೋಗುತ್ತಾರೆ. ಅದಕ್ಕೆ ರಾಯರೇ ಒಂದು ದಾರಿ ತೆಗೆದಿದ್ದರು: ಪರದೆಯ ಹಿಂದೆ ಹಗ್ಗ ಕಟ್ಟಿ, ಅರ್ಧ ಟಿಕೀಟಿಗೆ ಅವರನ್ನು ಮರಳಿನ ಮೇಲೆ ಕೂರಿಸುವುದು. ಬಟ್ಟೆ ತೆಳ್ಳಗೆ, ಬೆಳಕು ಹಾಯುತ್ತದೆ, ಚಿತ್ರ ಹಿಂದೆಯೂ ಕಾಣುತ್ತದೆ. ಇನ್ನೂ ಚೆನ್ನಾಗಿ ಕಾಣಲೆಂದು ಆಟಕ್ಕೆ ಮೊದಲು ಪರದೆಗೆ ನೀರು ಎರಚಬೇಕು. ಆ ಕೆಲಸ ತಾಯಣ್ಣನದು. ಒಂಬತ್ತು ವರ್ಷ ಅವನು ಕೊಡಗಟ್ಟಲೆ ನೀರು ಹೊತ್ತು ಆ ಬಟ್ಟೆ ತೋಯಿಸಿದ್ದ, ಮತ್ತು ಒಂಬತ್ತು ವರ್ಷ ಅವನ ಹೆಂಡತಿ ದುರುಗಮ್ಮ ಆ ಬಟ್ಟೆಯ ಹಿಂದೆ ಮೊದಲ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದಳು.

ಹಿಂದಿನಿಂದ ನೋಡಿದರೆ ಚಿತ್ರ ಎಡಬಲ ಅದಲುಬದಲು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನೀರಿನ ಕೊಡ ಹೊತ್ತು ಮುಂದಕ್ಕೂ ಹಿಂದಕ್ಕೂ ತಿರುಗುತ್ತಿದ್ದ ತಾಯಣ್ಣನಿಗೆ ಇದು ಮೊದಲ ದಿನವೇ ಗೊತ್ತಾಗಿತ್ತು. ಅದೇ ದಿನ ಆಟ ಬಿಟ್ಟ ಮೇಲೆ ದುರುಗಮ್ಮ ಮುಖವೆಲ್ಲ ಅರಳಿಸಿಕೊಂಡು ಕೇಳಿದ್ದಳು, "ಮುಂದಿನೋರಿಗೂ ಹಿಂಗ ಕಾಣ್ತದೇನು?"

"ಹಿಂಗ ಕಾಣ್ತದ" ಅಂದುಬಿಟ್ಟಿದ್ದ. "ನಿಂಗ ಇನ್ನಾ ಚಲೋ, ಹತ್ರ."

ಇಷ್ಟೇ ಸುಳ್ಳು. ಹೆಂಡತಿಯ ಮುಖ ಬಾಡುವುದು ಬೇಡ ಅಂತ ಹೇಳಿದ್ದು. ಅದಕ್ಕೆ ಕಾಲು ಮೂಡಿ ಅದು ಮಗಳ ಮನೆಯವರೆಗೆ ನಡೆದೀತು ಅಂತ ಯಾರಿಗೆ ಗೊತ್ತಿತ್ತು?

ಒಂದು ಚಿತ್ರದಲ್ಲಿ ರಾಣಿಯ ಪಾತ್ರದ ಹೆಣ್ಣು ಅಳುವಾಗ ಅವಳ ಮುಖ ಪರದೆ ತುಂಬ ಬರುತ್ತಿತ್ತು. ಮೂಗುಬೊಟ್ಟು ಫಳಫಳ ಹೊಳೆಯುತ್ತಿತ್ತು. ದುರುಗಮ್ಮನಿಗೆ ಅದು ರಾಣಿಯ ಬಲ ಮೂಗಿನಲ್ಲಿ ಕಂಡಿತು. ಊರಿಗೆ ಹೋದವಳೇ ಮದುವೆಗೆ ನಿಂತ ಮಗಳು ಅಮರಮ್ಮನ ಮೂಗನ್ನು ಬಲಕ್ಕೆ ಚುಚ್ಚಿಸಿದಳು. ಹಿರೇಕೊಟ್ನೆಕಲ್ಲಿನ ಅವರ ಕೇರಿಯ ಹುಡುಗಿಯರೆಲ್ಲ ಸಾಲಾಗಿ ಬಲಕ್ಕೆ ಚುಚ್ಚಿಸಿಕೊಂಡರು. ಅಮರಮ್ಮನನ್ನು ಕೊಟ್ಟದ್ದು ಅರಕೇರಾಕ್ಕೆ. ಆ ಮನೆಯಲ್ಲಿ ಹಿಂದಿನಿಂದಲೂ ಎಡಕ್ಕೆ. ಬೀಗ್ತಿ ಬಸ್ಸಮ್ಮ ಸೊಸೆಯ ಮೂಗು ನೋಡಿ, "ಇದ್ಯಾವ ಊರ ಪದ್ಧತಿಬೇ?" ಅಂತ ನಕ್ಕಳು. ದುರುಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಟಾಕೀಸಿನ ರಾಣಿ ಬಲಕ್ಕೇ ಇಟ್ಟುಕೊಂಡಿದ್ದಾಳೆ, ನನ್ನ ಕಣ್ಣಾಣೆ, ಯಲ್ಲವ್ವನ ಆಣೆ. ಮಾತಿಗೆ ಮಾತು ಬೆಳೆಯಿತು. ಬಸ್ಸಮ್ಮ ಹಟಕ್ಕೆ ಬಿದ್ದು ಸೊಸೆಯ ಮೂಗನ್ನು ಎಡಕ್ಕೂ ಚುಚ್ಚಿಸಿದಳು. ಅದು ಕೀವಾಗಿ ಹುಡುಗಿಯ ಮುಖ ಒಂದು ತಿಂಗಳು ಬಾತುಕೊಂಡಿತು. 'ನಿನ್ನ ಹೊಸಲು ತುಳಿದರ ಕೇಳು' ಅಂತ ಬಂದ ದುರುಗಮ್ಮ ಎರಡು ವರ್ಷವಾದರೂ ಅರಕೇರಾದ ಕಡೆ ತಲೆ ಹಾಕಿರಲಿಲ್ಲ. ಮೊಮ್ಮಗ ಹುಟ್ಟಿದಾಗಲೂ ಹೋಗಲಿಲ್ಲ.

ಆ ಜಗಳದಲ್ಲಿ ತಾಯಣ್ಣ ಪಕ್ಕದಲ್ಲೇ ಇದ್ದ. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡು ನೆಲ ನೋಡುತ್ತ ನಿಂತಿದ್ದ.

ಈಗ ರಾಯರ ಮುಂದೆಯೂ ನೆಲ ನೋಡುತ್ತಲೇ ಕೇಳಿದ. "ಹಿಂದ ಕುಂದ್ರೋರು ಏನ್ ಮಾಡಬೇಕ್ರಿ ಧಣೇರ?"

ರಾಯರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ. ಒಳ್ಳೆಯದನ್ನು ಮಾಡಬೇಕೆಂಬ ಮನಸ್ಸಿತ್ತು, ಮಾಡಿ ಮೈಮೇಲೆ ಹಾಕಿಕೊಳ್ಳುವ ಧೈರ್ಯ ಇರಲಿಲ್ಲ. "ಮುಂದ ಬರಲಿ. ಮರಳಿನ ಮ್ಯಾಲ ಒಂದು ಮೂಲಿಗೆ ಕುಂದ್ರಲಿ. ನಾ ಬ್ಯಾಡ ಅನ್ನಂಗಿಲ್ಲ. ಊರಾಗಿನವರು ಏನಂತಾರೋ ನೋಡೋಣು."

'ನೋಡೋಣು' ಅಂದರೆ ಏನೆಂದು ತಾಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ.

ಷೆಡ್ಡಿನ ಮೂಲೆಯಲ್ಲಿ ಮೂರು ಕಲ್ಲಿಟ್ಟು ದುರುಗಮ್ಮ ರೊಟ್ಟಿ ಸುಡುತ್ತಿದ್ದಳು. ಹೊಸ ಪರದೆಯ ಸುದ್ದಿ ಅವಳ ಕಿವಿಗೆ ಬಿದ್ದಿತ್ತು.

"ಹೊಸಾದರಾಗ ರಾಣಿ ಇನ್ನಾ ಚಂದ ಕಾಣ್ತಾಳೇನು?" ಅಂತ ಕೇಳಿದಳು.

"ಕಾಣಬಹುದು."

"ನಮ್ಮ ಕಡಿಗೂ?"

ತಾಯಣ್ಣ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಬಾಯಲ್ಲಿ ತುತ್ತಿದ್ದರೆ ಮಾತಾಡಬೇಕಾಗಿಲ್ಲವಲ್ಲ. ಅವಳಿಗಿದ್ದದ್ದು ಅದೊಂದೇ. ಹಗಲೆಲ್ಲ ಮಣ್ಣು ಹೊತ್ತು, ಕಲ್ಲು ಒಡೆದು, ಸಂಜೆ ಆ ಬಟ್ಟೆಯ ಹಿಂದೆ ಕೂತರೆ ಅವಳು ಯಾರ ಆಳೂ ಅಲ್ಲ. ಅದನ್ನೂ ತನ್ನ ಕೈಯಿಂದಲೇ ಮುಚ್ಚಬೇಕಲ್ಲ ಅಂತ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೊದಲನೇ ಕೈ ಹೊಡೆಯಲು ಮೂರು ದಿನ ಹಿಡಿಯಿತು. ಪರದೆಯನ್ನು ಚೌಕಟ್ಟಿಗೆ ಬಿಗಿದು ನಿಲ್ಲಿಸಿ, ಏಣಿ ಹತ್ತಿ ಇಳಿದು, ಸಫೇದಾ ಬಳಿಯಬೇಕು. ಗಿರಣಿಯ ತೊಲೆಗಳಲ್ಲಿ ಉಳಿದಿದ್ದ ಹತ್ತಿಯ ಎಳೆಗಳು ಗಾಳಿಗೆ ಉದುರಿ ಹಸಿ ಬಣ್ಣಕ್ಕೆ ಅಂಟುತ್ತಿದ್ದವು. ಅವನ್ನು ಒಂದೊಂದಾಗಿ ಉಗುರಿನಿಂದ ಕೀಳಬೇಕು. ಮಳೆಯ ಥಂಡಿಗೆ ಬಣ್ಣ ಒಣಗುವುದೂ ಇಲ್ಲ. ಎರಡನೇ ಕೈ ಮುಗಿದಾಗ ತಾಯಣ್ಣನ ರಟ್ಟೆ ಮೇಲೆ ಏಳದಂತಾಯಿತು. ಮೂರನೆಯದು ಮುಗಿಯುವಷ್ಟರಲ್ಲಿ ಅವನೊಂದು ಕಳ್ಳತನವನ್ನೂ ಮಾಡಿದ್ದ.

ಕಳ್ಳತನ ಅಂದರೆ ಏನೂ ತೆಗೆದುಕೊಳ್ಳಲಿಲ್ಲ. ಪರದೆಯ ಕೆಳಗಿನ ಒಂದು ಮೂಲೆಯಲ್ಲಿ, ಒಂದು ಚಾಪೆಯಷ್ಟು ಜಾಗಕ್ಕೆ, ಎರಡನೇ ಕೈಯನ್ನೂ ಹೊಡೆದಿರಲಿಲ್ಲ, ಮೂರನೆಯದನ್ನೂ ಹೊಡೆಯಲಿಲ್ಲ. ಕುಂಚವನ್ನು ಸುಮ್ಮನೆ ಆಡಿಸಿ ಬಿಟ್ಟ. ಅಷ್ಟರಲ್ಲಾದರೂ ಬೆಳಕು ಹಾಯಲಿ, ಅವಳೊಬ್ಬಳಿಗಾದರೂ ಏನಾದರೂ ಕಾಣಲಿ. ಇದರಿಂದ ತನ್ನ ಸುಳ್ಳೂ ಮುಚ್ಚಿಕೊಂಡೇ ಇರುತ್ತದೆ ಅನ್ನುವುದೂ ಅವನ ಮನಸ್ಸಿನಲ್ಲಿ ಇತ್ತು. ಇರಲಿಲ್ಲ ಅಂದರೆ ನಾವು ಸುಳ್ಳು ಹೇಳಿದಂತಾಗುತ್ತದೆ.

ಮೂರನೇ ಕೈ ಒಣಗಿದ ಮೇಲೆ, ನಾಲ್ಕನೆಯದಕ್ಕೆ ಮೊದಲು ಒಮ್ಮೆ ಬೆಳಕು ಬಿಟ್ಟು ನೋಡೋಣ ಅಂದರು ರಾಯರು. ಒಂದು ಮಧ್ಯಾಹ್ನ ಷೆಡ್ಡಿನ ಬಾಗಿಲು ಹಾಕಿ, ಕಿಟಕಿಗೆ ಗೋಣಿತಟ್ಟು ಕಟ್ಟಿ ಕತ್ತಲು ಮಾಡಿದರು. ಮಷೀನು ಓಡಿಸುವ ಮಹಮ್ಮದ್ ಹುಸೇನ್ ಇಂಜಿನು ಚಾಲೂ ಮಾಡಿ, ಕೈಗೆ ಸಿಕ್ಕ ರೀಲು ಏರಿಸಿದ. ಸಿಕ್ಕದ್ದು ರಾಣಿಯ ಚಿತ್ರದ್ದೇ.

ದುರುಗಮ್ಮ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಯಾರೂ ಹೇಳದೆಯೇ ನೆಟ್ಟಗೆ ಪರದೆಯ ಹಿಂದೆ ಹೋಗಿ ಕೂತಳು. ತಾಯಣ್ಣ ಅದನ್ನು ನೋಡಿದ. ಕರೆಯಬೇಕೆನ್ನಿಸಿತು, ಕರೆಯಲಿಲ್ಲ.

ಚಿತ್ರ ಮೂಡಿದಾಗ ರಾಯರ ಬಾಯಿಂದ ಆಹಾ ಅಂತ ಬಂತು. ಹಾಲು ಚೆಲ್ಲಿದ ಹಾಗೆ ಬೆಳಕು. ಆದರೆ ಎರಡು ನಿಮಿಷಕ್ಕೇ ಅವರ ಹುಬ್ಬು ಗಂಟಾಯಿತು.

"ಆ ಮೂಲಿ ಯಾಕ ಮಂಕಾಗ್ಯಾದೋ ತಾಯಣ್ಣ?"

ಕೇಳಿದವರು ತಾವೇ ಎದ್ದು ಪರದೆಯ ಹಿಂದೆ ಹೋದರು. ಅಲ್ಲಿ ಗವ್ವೆನ್ನುವ ಕತ್ತಲು. ಕೆಳಗಿನ ಮೂಲೆಯಲ್ಲಿ ಮಾತ್ರ ಚಾಪೆಯಷ್ಟು ಬೆಳಕು, ಅದರಲ್ಲಿ ಯಾರ್ಯಾರದೋ ಕಾಲುಗಳು ಓಡಾಡುತ್ತಿದ್ದವು. ಅದರ ಮುಂದೆ ದುರುಗಮ್ಮ ನೆಲಕ್ಕೆ ಬಾಗಿ, ಕತ್ತು ವಾರೆ ಮಾಡಿ, ಕಾಲುಗಳನ್ನೇ ನೋಡುತ್ತಿದ್ದಳು.

ರಾಯರಿಗೆ ಎಲ್ಲವೂ ಅರ್ಥವಾಯಿತೋ ಅರ್ಧ ಅರ್ಥವಾಯಿತೋ, ಬೈಯಲಿಲ್ಲ. "ದುರುಗಮ್ಮ, ಮುಂದ ಬಾರವ್ವ" ಅಂದರು. "ಇವತ್ತು ಇಲ್ಲಿ ಯಾರದಾರ ಬ್ಯಾಡ ಅನ್ನೋರು?"

ಅವಳು ಬಂದಳು. ಬೆಂಚಿನ ಮೇಲೆ ಕೂರಲಿಲ್ಲ, ಬೆಂಚಿನ ಮುಂದೆ ನೆಲದ ಮೇಲೆ ಕೂತಳು. ಒಂದಷ್ಟು ಹೊತ್ತು ನೋಡಿ ನಕ್ಕಳು.

"ಹುಸೇನಸಾಬ್ರ, ಉಲ್ಟಾ ಹಾಕೀರಿ ನೋಡ್ರಿ. ರಾಜಾ ಬಲಗೈಲೆ ಕತ್ತಿ ಹಿಡದಾನ."

"ಅರೇ ಯವ್ವಾ, ಇದೇ ಸೀದಾ" ಅಂದ ಹುಸೇನ್. ಪಾಪ, ಅವನಿಗೇನು ಗೊತ್ತು? "ಹಿಂದಿಂದ ನೋಡಿದ್ರ ಉಲ್ಟಾ. ಕನ್ನಡಿಯಾಗ ನೋಡಿದಂಗ."

ಅಷ್ಟರಲ್ಲಿ ರಾಣಿ ಅಳುವ ಜಾಗ ಬಂತು. ಮುಖ ಪರದೆ ತುಂಬ ಬಂತು. ಮೂಗುಬೊಟ್ಟು ಹೊಳೆಯಿತು, ರಾಣಿಯ ಎಡ ಮೂಗಿನಲ್ಲಿ. ದುರುಗಮ್ಮನ ಕೈ ತನ್ನ ಮೂಗಿಗೆ ಹೋಯಿತು. ಒಮ್ಮೆ ಈ ಕಡೆ ಮುಟ್ಟಿ ನೋಡಿಕೊಂಡಳು, ಒಮ್ಮೆ ಆ ಕಡೆ. ಆಮೇಲೆ ನಿಧಾನವಾಗಿ ತಿರುಗಿ ಗಂಡನನ್ನು ನೋಡಿದಳು. ಕತ್ತಲಲ್ಲಿ ಮುಖ ಕಾಣದಿದ್ದರೂ ತಾಯಣ್ಣ ತಲೆ ತಗ್ಗಿಸಿದ.

ಸಂಜೆ ಒಲೆಯ ಮುಂದೆ ಅವಳು ಎಂದಿನಂತೆಯೇ ರೊಟ್ಟಿ ಕೊಟ್ಟಳು, ಪುಂಡಿಪಲ್ಯೆ ಹಾಕಿದಳು. ಅವನು ಎರಡು ತುತ್ತು ತಿನ್ನುವವರೆಗೆ ಕಾದಳು.

"ನಿಂಗ ಗೊತ್ತಿತ್ತೇನು?"

"ಗೊತ್ತಿತ್ತು."

"ಯಾವಾಗಿಂದ?"

"ಮೊದಲನೇ ದಿನದಿಂದ."

"ಬೀಗ್ತಿ ಕೂಡ ನಾ ಜಗಳಾಡಾಗ ನೀ ಬಾಜೂಕ ಇದ್ದಿ."

"ಇದ್ದೆ."

"ಯಲ್ಲವ್ವನ ಆಣಿ ಮಾಡಿದೆ ನಾ. ಆಗೂ ಸುಮ್ಕ ಇದ್ದಿ."

ತಾಯಣ್ಣ ಕೈಲಿದ್ದ ರೊಟ್ಟಿ ಕೆಳಗಿಟ್ಟ. "ಆ ಜಾಗದಾಗ ಕುಂತಾಗ ನಿಂಗ ಖುಷಿ ಇರತಿತ್ತು" ಅಂದ. "ಅದೊಂದರ ಇರಲಿ ಅಂದೆ. ಉಲ್ಟಾ ಅಂತ ತಿಳದಿದ್ರ ನೀ ಕುಂದರತಿರಲಿಲ್ಲ."

"ಕುಂದರತಿರಲಿಲ್ಲ" ಅಂದಳು ದುರುಗಮ್ಮ. "ಕುಂದರತಿರಲಿಲ್ಲ, ಹೌದು. ಖುಷಿ ನನಗ ಕೊಟ್ಟಿ, ತೂತು ಮಗಳ ಮೂಗಿಗಿ ಕೊಟ್ಟಿ. ಕೂಸಿನ ಮಾರಿ ನಾ ಇನ್ನಾ ನೋಡಿಲ್ಲ."

ಅವಳು ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಕೂಗಾಡಲಿಲ್ಲ, ಅಳಲೂ ಇಲ್ಲ. ಒಲೆಯ ಬೂದಿ ತೆಗೆದು ಹೊರಗೆ ಚೆಲ್ಲಿ ಬಂದು, ಗೋಣಿಚೀಲದ ಮೇಲೆ ಮುಖ ಆ ಕಡೆ ಮಾಡಿ ಮಲಗಿದಳು. ತಾಯಣ್ಣ ಅಷ್ಟು ದಣಿದಿದ್ದ, ನಿದ್ದೆ ಬರಬೇಕಿತ್ತು. ಬರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ದುರುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಫೇದಾಕ್ಕೆ ಸರೇಸು ಕಲಸುತ್ತಿದ್ದಳು.

"ನಾ ಮಾಡ್ತೀನಿ ಬಿಡು" ಅಂದ.

"ನೀ ಏಣಿ ಹಿಡಿ."

ಅವಳು ಮೊದಲು ಕೆಳಗಿನ ಮೂಲೆಗೇ ಹೋದಳು. ಅವನು ಕದ್ದು ಬಿಟ್ಟಿದ್ದ ಚಾಪೆಯಷ್ಟು ಜಾಗಕ್ಕೆ ಒಂದು ಕೈ ಹೊಡೆದಳು. ಅದು ಆರಲೆಂದು ಕಾದು ಮತ್ತೊಂದು ಕೈ ಹೊಡೆದಳು. ಆಮೇಲೆ ಇಡೀ ಪರದೆಗೆ ನಾಲ್ಕನೇ ಕೈ. ಮನೆಗೆ ಸುಣ್ಣ ಬಳಿದ ಕೈ ಅದು, ಎಲ್ಲಿಯೂ ತಪ್ಪಲಿಲ್ಲ. ಹತ್ತಿಯ ಎಳೆ ಬಿದ್ದಲ್ಲಿ ತಾನೇ ಉಗುರಿನಿಂದ ಕಿತ್ತಳು. ನಡುವೆ ಬಂದ ರಾಯರು ನೋಡಿ, "ಏನು, ಇವತ್ತು ದುರುಗಮ್ಮಂದು ಕೆಲಸ?" ಅಂದರು.

ಅವಳು ಕುಂಚ ಇಳಿಸದೆಯೇ ಹೇಳಿದಳು. "ಹಿಂದ ಇನ್ನ ಯಾರಿಗೂ ಏನೂ ಕಾಣಬಾರದ್ರಿ ಧಣೇರ. ಮಾನ್ವ್ಯಾಗೂ, ದೇವದುರ್ಗದಾಗೂ ನಾ ಮುಂದ ಕುಂದರಕಿ. ನಮ್ಮ ಕೇರಿ ಮಂದೀನೂ ಮುಂದ ಕುಂದರತದ."

"ನೋಡೋಣು, ನೋಡೋ..."

"ನೋಡೋಣು ಅನಬ್ಯಾಡ್ರಿ. ನೋಡಿದ್ದು ಸಾಕಾಗ್ಯಾದ. ಕುಂದರಿಸೋದಿದ್ರ ಹೂಂ ಅನ್ರಿ, ಇಲ್ಲಾ ಈ ಪರದಿ ಹೊರಾಕ ಬ್ಯಾರೆ ಆಳು ನೋಡಿಕೋರಿ."

ರಾಯರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹೂಂ ಅಂದರು. ಗಟ್ಟಿಯಾಗಿ ಅನ್ನಲಿಲ್ಲ, ಆದರೆ ಅಂದದ್ದು ಗಂಡ ಹೆಂಡತಿ ಇಬ್ಬರಿಗೂ ಕೇಳಿಸಿತು. ಊರವರ ಮುಂದೆ ಆ ಹೂಂ ಎಷ್ಟು ದಿನ ನಿಲ್ಲುತ್ತದೋ ತಾಯಣ್ಣನಿಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಈ ಮಾತು ತಾನು ಯಾಕೆ ಕೇಳಲಿಲ್ಲ ಅಂತ ಅವನಿಗೆ ನಾಚಿಕೆಯಾಯಿತು.

ಎರಡು ದಿನ ಬಿಸಿಲು ಬಿದ್ದು ಬಣ್ಣ ಒಣಗಿತು. ಮಧ್ಯಾಹ್ನ ಮತ್ತೆ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಹುಸೇನ್ ಅದೇ ರೀಲು ಏರಿಸಿದ. ದುರುಗಮ್ಮ ಪರದೆಯ ಮುಂದೆ, ನೆಲದ ಮೇಲೆ, ಸರಿಯಾಗಿ ನಡುಮಧ್ಯೆ ಕಾಲು ಚಾಚಿ ಕೂತಳು. ತಾಯಣ್ಣ ಅವಳ ಪಕ್ಕ ಕೂರಲು ಮೊಣಕಾಲಿಗೆ ಕೈ ಕೊಟ್ಟು ಬಾಗಿದ.

"ಇಲ್ಲಲ್ಲ" ಅಂದಳು. "ನೀ ಹಿಂದ ಹೋಗಿ ಕುಂದ್ರು. ಬೆಳಕು ಬರತದೇನು ನೋಡು."

ಅವನು ಹೋದ. ಅವಳು ಒಂಬತ್ತು ವರ್ಷ ಕೂತ ಕಡೆ ಕೂತ. ಇಂಜಿನಿನ ಸದ್ದು ಕೇಳಿಸಿತು, ಮಷೀನಿನ ಟಿಕಟಿಕ ಕೇಳಿಸಿತು, ಹಾಡು ಕೇಳಿಸಿತು. ಕಣ್ಣ ಮುಂದೆ ಕಪ್ಪು ಬಿಟ್ಟರೆ ಏನೂ ಇಲ್ಲ. ಮೂಲೆಯಲ್ಲಿ ಕಾಲುಗಳೂ ಇರಲಿಲ್ಲ. ರಾಣಿ ಅಳತೊಡಗಿದಳು, ದನಿಯಿಂದ ಗೊತ್ತಾಯಿತು.

"ಏನರ ಕಾಣಾಕತ್ತದೇನು?" ಅಂತ ಮುಂದಿನಿಂದ ದುರುಗಮ್ಮ ಕೇಳಿದಳು.

"ಏನೂ ಕಾಣವಲ್ದು."

"ನಾಳಿ ಮುಂಜಾನಿ ಅರಕೇರಾಕ್ಕ ಹೋಗೂದದ. ಬೀಗ್ತಿ ಮುಂದ ನಾ ಹೇಳಂಗಿಲ್ಲ. ನೀ ಹೇಳಬೇಕು, ನಿನ್ನ ಬಾಯ್ಲೆ."

"ಹೇಳ್ತೀನಿ" ಅಂದ ತಾಯಣ್ಣ, ಕತ್ತಲಿಗೆ. ನಂತರ ನೆಲಕ್ಕೆ ಕೈಯೂರಿ ಏಳಲು ನೋಡಿದ. ಬೆನ್ನು ಹಿಡಿದುಕೊಂಡಿತ್ತು. "ಬರ್ಲೇನು ಆ ಕಡಿಗಿ?"

ದುರುಗಮ್ಮ ಚಿತ್ರ ನೋಡುತ್ತಿದ್ದಳು.

"ಮುಗಿಯೋತನಕ ಅಲ್ಲೇ ಕುಂದ್ರು" ಅಂದಳು.